ಅಳಿವೆಯ ಅಳತೆ

“ಗುರುಗಳೇ, ಕಂಪ್ಯೂಟರು ಹೇಳಿದ ಲೆಕ್ಕವನ್ನು ಯಾವಾಗ ನಂಬಬಹುದು?” ಎಂದು ಶಿಷ್ಯ ಕೇಳಿದ.

“ನೀನು ಯಾವಾಗ ನಂಬುತ್ತೀ?” ಎಂದರು ಗುರು.

“ಅಳತೆಗೆ ಹೊಂದಿದಾಗ. ಪ್ರೋಗ್ರಾಂ ಕೊಟ್ಟ ಅಂಕಿ ಒಂದು ಕಡೆ, ಹೊರಗೆ ಹೋಗಿ ಅಳೆದ ಅಂಕಿ ಇನ್ನೊಂದು ಕಡೆ. ಎರಡೂ ಒಂದೇ ಆದರೆ ಲೆಕ್ಕ ಸರಿ ಎಂದೇ ಅಲ್ಲವೇ?”

ಗುರು ಮೂವತ್ತು ವರ್ಷ ಸಂಖ್ಯಾಗಣಿತ ಕಲಿಸಿದವರು. ಶಿಷ್ಯರು ಬರೆದ ಪ್ರೋಗ್ರಾಂಗಳಲ್ಲಿ ತಪ್ಪು ಹುಡುಕಿಕೊಡುವುದರಲ್ಲಿ ಅವರಿಗೆ ಹೆಸರಿತ್ತು. ಆ ದಿನ ಅವರು ಶಿಷ್ಯನ ಹಾಳೆಗಳನ್ನು ಬಿಡಿಸಲಿಲ್ಲ. ಕೂತುಕೋ ಎಂದು ಹೇಳಿ ಈ ಕತೆ ಹೇಳಿದರು.

ಪಡುವಣ ಕಡಲ ತೀರದಲ್ಲಿ ಒಂದು ಮೀನುಗಾರಿಕೆ ಬಂದರು. ಬಂದರು ಇರುವುದು ನದಿಯ ಒಳಗೆ. ದೋಣಿಗಳು ಕಡಲಿಗೆ ಹೋಗಬೇಕಾದರೂ, ಮೀನು ಹಿಡಿದು ಮರಳಬೇಕಾದರೂ ನದಿ ಕಡಲನ್ನು ಸೇರುವ ಬಾಯನ್ನು ದಾಟಬೇಕು. ಅದನ್ನು ಅಲ್ಲಿಯವರು ಅಳಿವೆ ಎನ್ನುತ್ತಾರೆ. ಅಳಿವೆಯಲ್ಲಿ ನೀರಿನ ಅಡಿಗೆ ಒಂದು ಮರಳ ದಿಬ್ಬ ಇದೆ. ಉಬ್ಬರದಲ್ಲಿ ದಿಬ್ಬದ ಮೇಲೆ ಎರಡಾಳು ನೀರು ನಿಲ್ಲುತ್ತದೆ. ಆಗ ದಾಟುವುದು ಸುಲಭ. ಇಳಿತ ಶುರುವಾದ ಮೇಲೆ ನೀರು ತೆಳುವಾಗುತ್ತದೆ. ಹೊರಗೆ ಓಡುವ ಹೊಳೆಯೂ ಒಳಗೆ ನುಗ್ಗುವ ಅಲೆಯೂ ದಿಬ್ಬದ ಮೇಲೆಯೇ ಎದುರಾಗುತ್ತವೆ. ಅಲ್ಲಿ ತಳ ತಾಗಿದ ದೋಣಿಯನ್ನು ಅಲೆ ಮಗುಚಿಹಾಕುತ್ತದೆ.

ಒಂದು ವರ್ಷ ಅಲ್ಲಿ ಮೂರು ದೋಣಿಗಳು ಮಗುಚಿದವು. ಊರಿನವರು ಸರ್ಕಾರಕ್ಕೆ ಮನವಿ ಕೊಟ್ಟರು. ಸರ್ಕಾರ ದೂರದ ನಗರದಲ್ಲಿದ್ದ ಒಬ್ಬ ಗಣಿತಜ್ಞೆಗೆ ಆ ಕೆಲಸ ಒಪ್ಪಿಸಿತು.

ಆಕೆ ಚಂದ್ರನ ಸೆಳೆತ, ಸೂರ್ಯನ ಸೆಳೆತ, ಹೊಳೆಯ ತಳದ ಏರುತಗ್ಗು ಎಲ್ಲವನ್ನೂ ತೆಗೆದುಕೊಂಡು ಒಂದು ಪ್ರೋಗ್ರಾಂ ಬರೆದಳು. ನೀರನ್ನು ಸಣ್ಣ ಸಣ್ಣ ತುಂಡುಗಳಾಗಿ, ಹೊತ್ತನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಕಂಪ್ಯೂಟರು ಲೆಕ್ಕ ಹಾಕುತ್ತಾ ಹೋಗುತ್ತಿತ್ತು. ಯಾವ ದಿನ ಯಾವ ಗಂಟೆಗೆ ಅಳಿವೆಯಲ್ಲಿ ಎಷ್ಟು ನೀರು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ದಾಟಬಹುದು ಎಂದು ಅದು ಮೊದಲೇ ಹೇಳುತ್ತಿತ್ತು.

ಆಕೆ ಅಜಾಗರೂಕಳಲ್ಲ. ಬಂದರಿನಲ್ಲಿ ದೋಣಿ ಕಟ್ಟುವ ಧಕ್ಕೆಯ ಪಕ್ಕದಲ್ಲಿ ನೀರಿಗೆ ಒಂದು ಕಂಬ ನೆಡಿಸಿದಳು. ಕಂಬದ ಮೇಲೆ ಅಡಿ, ಅಂಗುಲದ ಗುರುತು ಹಾಕಿಸಿದಳು. ನಲವತ್ತು ದಿನ ಬೆಳಗಿನಿಂದ ಸಂಜೆಯವರೆಗೆ ತಾನೇ ನಿಂತು ನೀರಿನ ಮಟ್ಟ ಓದಿದಳು. ಲೆಕ್ಕವೂ ನೀರೂ ಹೊಂದಿದವು. ಅದರ ಮೇಲೂ ಆಕೆಗೆ ಸಮಾಧಾನವಾಗಲಿಲ್ಲ. ಇದು ವರ್ಷಗಟ್ಟಲೆ ನಡೆಯಬೇಕಾದ ಪರೀಕ್ಷೆ ಎಂದಳು. ಕಾಲು ಮುರಿದು ಕಡಲಿಗೆ ಹೋಗುವುದನ್ನು ಬಿಟ್ಟಿದ್ದ ಅದೇ ಊರಿನ ಒಬ್ಬನನ್ನು ಅಳತೆಗಾರನಾಗಿ ನೇಮಿಸಿದಳು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಎರಡು ಗಂಟೆಗೊಮ್ಮೆ ಕಂಬ ನೋಡಿ ಬರೆದು ಕಳಿಸುವುದು ಅವನ ಕೆಲಸ. ಧಕ್ಕೆಯಲ್ಲಿ ಅವನಿಗೆ ಒಂದು ಸಣ್ಣ ಕೋಣೆ ಕೊಟ್ಟರು. ದಾಟುವ ಹೊತ್ತನ್ನು ಹೊರಗಿನ ಹಲಗೆಯ ಮೇಲೆ ಬರೆಯುವ ಕೆಲಸವೂ ಅವನದೇ. ಅದಕ್ಕಾಗಿ ಲೆಕ್ಕದ ಹಾಳೆಯ ಒಂದು ಪ್ರತಿ ಅವನ ಕೋಣೆಯ ಗೋಡೆಗೆ ಅಂಟಿಸಿತ್ತು.

ಗಣಿತಜ್ಞೆ ನಗರಕ್ಕೆ ಮರಳಿದಳು. ಅಂಕಿಗಳು ಬರತೊಡಗಿದವು. ವರ್ಷದ ಕೊನೆಗೆ ಆಕೆ ಒಂದು ನಕ್ಷೆ ಬರೆದಳು. ಲೆಕ್ಕ ನೀಲಿ ಗೆರೆ, ಅಳತೆ ಕೆಂಪು ಚುಕ್ಕೆ. ಕೆಂಪು ಚುಕ್ಕೆಗಳು ನೀಲಿ ಗೆರೆಯ ಮೇಲೆ ಪೋಣಿಸಿದ ಹಾಗೆ ಕೂತವು. ಎರಡನೆಯ ವರ್ಷವೂ ಹಾಗೆಯೇ. ಮೂರನೆಯ ವರ್ಷವೂ ಹಾಗೆಯೇ. ದೊಡ್ಡ ದೊಡ್ಡ ಸಭೆಗಳಲ್ಲಿ ಆಕೆ ಆ ನಕ್ಷೆಯನ್ನು ತೋರಿಸಿದಳು. ಇಷ್ಟು ನಿಖರವಾದ ಲೆಕ್ಕವನ್ನು ತಾವು ಕಂಡಿಲ್ಲ ಎಂದು ಹಿರಿಯರು ಹೇಳಿದರು. ಬೇರೆ ಬಂದರುಗಳವರೂ ಆ ಪ್ರೋಗ್ರಾಂ ಕೇಳಿದರು.

ಮೊದಲ ಎರಡು ವರ್ಷ ಅಳಿವೆಯಲ್ಲಿ ಒಂದು ದೋಣಿಯೂ ಮಗುಚಲಿಲ್ಲ. ಬಂದರಿನ ಅಧಿಕಾರಿ ಒಂದು ನಿಯಮ ಮಾಡಿದ. ಹಲಗೆಯಲ್ಲಿ ಬರೆದ ಹೊತ್ತಿನಲ್ಲಿ ಮಾತ್ರ ದಾಟಬೇಕು. ದಾಟುವ ಮುಂಚೆ ವಯರ್‌ಲೆಸ್‌ನಲ್ಲಿ ಕೇಳಿಯೇ ದಾಟಬೇಕು. ಮೂರನೆಯ ವರ್ಷ ಎರಡು ದೋಣಿಗಳ ತಳ ದಿಬ್ಬಕ್ಕೆ ತಾಗಿತು. ಯಾರಿಗೂ ಏನೂ ಆಗಲಿಲ್ಲ. ದಿಬ್ಬ ಬೆಳೆದಿರಬೇಕು ಎಂದುಕೊಂಡರು.

ನಾಲ್ಕನೆಯ ವರ್ಷ ಗಣಿತಜ್ಞೆ ಬಂದರಿಗೆ ಬಂದಿದ್ದಾಗ ಒಬ್ಬ ತಂಡೇಲ ಅವಳನ್ನು ಹುಡುಕಿಕೊಂಡು ಬಂದ. ದೋಣಿ ನಡೆಸುವ ಮುಖ್ಯಸ್ಥನನ್ನು ಅಲ್ಲಿ ತಂಡೇಲ ಎನ್ನುತ್ತಾರೆ. ಅರವತ್ತು ದಾಟಿದವನು. ಅಳಿವೆಯನ್ನು ಎಷ್ಟು ಸಲ ದಾಟಿದ್ದಾನೆ ಎಂಬುದು ಅವನಿಗೇ ಗೊತ್ತಿಲ್ಲ.

“ಅಮ್ಮ, ನಿಮ್ಮ ಹಲಗೆ ಹೇಳುವುದಕ್ಕಿಂತ ಮುಂಚೆಯೇ ನೀರು ಇಳಿಯುತ್ತಿದೆ” ಎಂದ.

“ಎಷ್ಟು ಮುಂಚೆ?”

“ಒಂದು ಗಂಟೆ ಅಂತ ನನ್ನ ಅಂದಾಜು. ಹೋದ ವರ್ಷ ಇಷ್ಟು ಇರಲಿಲ್ಲ.”

ಆಕೆ ಸಿಡುಕಲಿಲ್ಲ. ಅವನನ್ನು ಕೂರಿಸಿ, ನಕ್ಷೆ ತೆಗೆದು ಮೇಜಿನ ಮೇಲೆ ಬಿಡಿಸಿದಳು. ಇದು ನನ್ನ ಲೆಕ್ಕ, ಇದು ನಿಮ್ಮ ಊರಿನವನೇ ಕಂಬದ ಮೇಲೆ ಓದಿದ್ದು, ನೋಡಿ ಎಂದಳು. ತಂಡೇಲನಿಗೆ ನಕ್ಷೆ ಓದಲು ಬಾರದು. ಆದರೆ ಚುಕ್ಕೆಗಳು ಗೆರೆಯ ಮೇಲೆ ಕೂತಿವೆ ಎಂಬುದು ಕಾಣುತ್ತಿತ್ತು. ಒಂದೊಂದು ಚುಕ್ಕೆಯ ಮೇಲೂ ಬೆರಳಿಟ್ಟು ಕೊನೆಯವರೆಗೆ ಹೋದ.

“ಹಾಗಾದರೆ ನನ್ನ ಕಣ್ಣು ಮಂದವಾಗಿರಬೇಕು, ವಯಸ್ಸಾಯಿತು” ಎಂದು ಎದ್ದು ಹೋದ.

ಅದಾಗಿ ಎರಡು ತಿಂಗಳಿಗೆ ಆ ತಂಡೇಲನ ದೋಣಿ ಮಗುಚಿತು.

ಮಧ್ಯಾಹ್ನದ ಹೊತ್ತು. ಆಕಾಶ ಶುಭ್ರವಾಗಿತ್ತು. ಎರಡರಿಂದ ನಾಲ್ಕರವರೆಗೆ ದಾಟಬಹುದು ಎಂದು ಹಲಗೆಯಲ್ಲಿ ಬರೆದಿತ್ತು. ಮೀನು ಹಿಡಿದು ಮರಳುತ್ತಿದ್ದ ದೋಣಿ ಅಳಿವೆಯ ಹೊರಬದಿಗೆ ಬಂದಾಗ ಮೂರೂವರೆ. ದೋಣಿಯಲ್ಲಿ ಏಳು ಜನ. ಉಳಿದು ಬಂದ ಮೂವರು ಹೇಳಿದ್ದು ಇಷ್ಟು. ತಂಡೇಲ ಎಂಜಿನ್ ನಿಧಾನ ಮಾಡಿಸಿ, ಎದ್ದು ನಿಂತು ಬಹಳ ಹೊತ್ತು ನೀರನ್ನೇ ನೋಡಿದ. ವಯರ್‌ಲೆಸ್‌ನಲ್ಲಿ ಬಂದರನ್ನು ಕೇಳಿದ. ನಾಲ್ಕರವರೆಗೆ ಸಮಯವಿದೆ ಎಂದು ಉತ್ತರ ಬಂತು. ಸರಿಯಾಗಿ ನೋಡಿ ಹೇಳಿ ಎಂದು ಇನ್ನೊಮ್ಮೆ ಕೇಳಿದ. ಅದೇ ಉತ್ತರ ಬಂತು. ಆಮೇಲೆ ಹೋಗೋಣ ಎಂದ. ಮೂರು ನಲವತ್ತಕ್ಕೆ ದೋಣಿಯ ತಳ ದಿಬ್ಬಕ್ಕೆ ತಾಗಿತು. ಎರಡನೆಯ ಅಲೆಗೆ ದೋಣಿ ಮಗುಚಿತು. ತಂಡೇಲನೂ ಸೇರಿ ನಾಲ್ವರು ಹೋದರು.

ಗಣಿತಜ್ಞೆ ಮರುದಿನ ಬಂದಳು. ಬರುವ ದಾರಿಯಲ್ಲಿಯೇ ವರದಿಯ ಮೊದಲ ಪುಟ ಬರೆದಿದ್ದಳು. ಆ ಹೊತ್ತಿನಲ್ಲಿ ದಿಬ್ಬದ ಮೇಲೆ ಸಾಕಷ್ಟು ನೀರಿತ್ತು, ದೋಣಿ ನಡೆಸಿದವರು ದಾರಿ ತಪ್ಪಿರಬೇಕು ಎಂದು ಅದರಲ್ಲಿತ್ತು. ಆಕೆ ಸುಳ್ಳು ಬರೆಯಲಿಲ್ಲ. ಆಕೆ ನಂಬಿದ್ದೇ ಹಾಗೆ.

ಉಳಿದ ಮೂವರನ್ನು ಕಾಣಲು ಮೀನು ಹರಾಜಿನ ಕಟ್ಟೆಗೆ ಹೋದಳು. ಅವರು ಇನ್ನೂ ಬಂದಿರಲಿಲ್ಲ. ಕಾಯುತ್ತಾ ನಿಂತವಳಿಗೆ ಗೋಡೆಯ ಮೇಲೆ, ಮೊಣಕಾಲಿನ ಎತ್ತರದಲ್ಲಿ ಒಂದು ಗೆರೆ ಕಾಣಿಸಿತು. ಬಣ್ಣದಲ್ಲಿ ಎಳೆದ ಗೆರೆ. ಪಕ್ಕದಲ್ಲಿ ಎರಡು ವರ್ಷದ ಹಿಂದಿನ ಒಂದು ತಾರೀಖು.

“ಇದೇನು?” ಎಂದು ಅಲ್ಲಿ ಬುಟ್ಟಿ ತೊಳೆಯುತ್ತಿದ್ದ ಹೆಂಗಸನ್ನು ಕೇಳಿದಳು.

“ಬಿರುಗಾಳಿ ಬಂದಿತ್ತಲ್ಲ ಅಕ್ಕ, ಆವತ್ತು ಹೊಳೆ ಇಲ್ಲಿವರೆಗೆ ಏರಿತ್ತು” ಎಂದಳು ಆ ಹೆಂಗಸು.

ಗಣಿತಜ್ಞೆಯ ಚೀಲದಲ್ಲಿ ನಾಲ್ಕು ವರ್ಷದ ಅಳತೆಗಳೂ ಇದ್ದವು. ಆ ತಾರೀಖಿನ ಹಾಳೆ ತೆಗೆದಳು. ಪ್ರೋಗ್ರಾಂಗೆ ಬಿರುಗಾಳಿ ಗೊತ್ತಿಲ್ಲ. ಅದು ಚಂದ್ರ, ಸೂರ್ಯರನ್ನು ಮಾತ್ರ ಬಲ್ಲದು. ಆದ್ದರಿಂದ ಆ ದಿನ ಲೆಕ್ಕವೂ ಅಳತೆಯೂ ಬೇರೆಯಾಗಲೇಬೇಕು. ಕಂಬದಲ್ಲಿ ಕನಿಷ್ಠ ನಾಲ್ಕು ಅಡಿ ಹೆಚ್ಚು ಇರಬೇಕು. ಹಾಳೆಯಲ್ಲಿ ಏಳು ಅಂಕಿಗಳಿದ್ದವು. ಏಳೂ ಲೆಕ್ಕಕ್ಕೆ ಹೊಂದಿದ್ದವು.

ಆಕೆ ಹಾಳೆಯನ್ನು ಇನ್ನೊಮ್ಮೆ ನೋಡಿದಳು. ತಾರೀಖು ನೋಡಿದಳು. ಗೋಡೆಯ ಗೆರೆ ನೋಡಿದಳು. ಯಾರಿಗೂ ಹೇಳದೆ ಅಳತೆಗಾರನ ಕೋಣೆಗೆ ನಡೆದಳು.

ಅಳತೆಗಾರ ನೆಲದ ಮೇಲೆ ಕೂತಿದ್ದ. ಹಿಂದಿನ ದಿನದಿಂದ ಊಟ ಮಾಡಿದಂತಿರಲಿಲ್ಲ.

“ಕಂಬ ತೋರಿಸು” ಎಂದಳು.

ಅವನು ಎದ್ದು ಕುಂಟುತ್ತಾ ಧಕ್ಕೆಯ ಅಂಚಿಗೆ ಹೋದ. ನೀರಿಗೆ ಕೈ ತೋರಿಸಿದ. ಅಲ್ಲಿ ಕಂಬ ಇರಲಿಲ್ಲ. ಇಳಿತದ ನೀರಿನ ಅಡಿಗೆ ಒಂದು ಮೊಳದಷ್ಟು ಮುರಿದ ಬುಡ ಮಾತ್ರ ಕಾಣುತ್ತಿತ್ತು. ಅದರ ಮೇಲೆ ಚಿಪ್ಪುಗಳು ಬೆಳೆದಿದ್ದವು.

“ಯಾವಾಗ ಮುರಿಯಿತು?”

“ಮೊದಲನೆಯ ಮಳೆಗಾಲದಲ್ಲಿ. ಮರದ ದಿಮ್ಮಿ ತೇಲಿಬಂದು ಹೊಡೆಯಿತು.”

“ಮೊದಲನೆಯ ಮಳೆಗಾಲ” ಎಂದು ಆಕೆ ಅದನ್ನೇ ಹೇಳಿದಳು. ಆಮೇಲೆ, “ಹಾಗಾದರೆ ನೀನು ಕಳಿಸಿದ ಅಂಕಿಗಳು ಎಲ್ಲಿಯವು?” ಎಂದಳು.

ಅವನು ಕೋಣೆಯ ಒಳಗೆ ಗೋಡೆಯ ಮೇಲಿದ್ದ ಹಾಳೆಯನ್ನು ತೋರಿಸಿದ.

“ನಿಮ್ಮವೇ, ಅಮ್ಮ.”

ಆಕೆಗೆ ಕೂಡಲೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಆಕೆ ತನ್ನ ಪಾದದ ಕಡೆ ನೋಡಿದಳು. ನಿಂತ ಕಲ್ಲನ್ನು ಕಾಲಿನಿಂದ ಒತ್ತಿದಳು, ಅದು ಇದೆಯೋ ಇಲ್ಲವೋ ಎಂದು ನೋಡುವವಳ ಹಾಗೆ. ಮೂರು ವರ್ಷಕ್ಕೂ ಮೀರಿ ಆಕೆ ತನ್ನ ಲೆಕ್ಕವನ್ನು ತನ್ನ ಲೆಕ್ಕದ ಜೊತೆಗೇ ಹೋಲಿಸಿದ್ದಳು. ಸಭೆಗಳಲ್ಲಿ ತೋರಿಸಿದ್ದು ಅದನ್ನೇ. ಮುದುಕನ ಮುಂದೆ ಬಿಡಿಸಿದ್ದೂ ಅದನ್ನೇ.

ಅಳತೆಗಾರ ತಾನಾಗಿಯೇ ಹೇಳತೊಡಗಿದ. “ಕಂಬ ಹಾಕಿಸಿ ಎಂದು ಮೂರು ಕಾಗದ ಬರೆದೆ. ಉತ್ತರ ಬರಲಿಲ್ಲ. ಎರಡು ದಿನ ಅಳತೆ ಕಳಿಸದೆ ಸುಮ್ಮನಿದ್ದೆ. ಅಂಕಿ ಬಾರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ನಿಮ್ಮ ಆಫೀಸಿನಿಂದ ಫೋನು ಬಂತು. ಅಲ್ಲಿಯವರೆಗೆ ನಾನು ಓದಿದ್ದಕ್ಕೂ ನಿಮ್ಮ ಹಾಳೆಗೂ ವ್ಯತ್ಯಾಸವೇ ಇರುತ್ತಿರಲಿಲ್ಲ. ಇಷ್ಟು ಓದಿದವರ ಲೆಕ್ಕ, ಇನ್ನು ಮುಂದೆಯೂ ಹಾಗೇ ಇರುತ್ತದೆ ಎಂದುಕೊಂಡೆ. ನೋಡಿ ಬರೆದೆ. ನಡುನಡುವೆ ಒಂದು ಬೆರಳು ಹೆಚ್ಚು, ಒಂದು ಬೆರಳು ಕಡಿಮೆ ಬರೆಯುತ್ತಿದ್ದೆ. ಮನುಷ್ಯ ಓದಿದ ಹಾಗೆ ಕಾಣಲಿ ಅಂತ.”

“ತಂಡೇಲ ನನ್ನ ಅಕ್ಕನ ಗಂಡ” ಎಂದ. “ನೀರು ಬೇಗ ಇಳಿಯುತ್ತಿದೆ ಎಂದು ನನಗೂ ಹೇಳಿದ್ದರು. ಆ ಅಮ್ಮನ ಲೆಕ್ಕ ತಪ್ಪುವುದಿಲ್ಲ ಭಾವ, ಎಂದು ನಾನೇ ಹೇಳಿ ಕಳಿಸಿಬಿಟ್ಟೆ.”

ಆಕೆ ಅವನನ್ನು ಬೈಯಲಿಲ್ಲ. ಅವನು ಬರೆದ ಮೂರು ಕಾಗದಗಳು ಅವಳ ಆಫೀಸಿನ ಯಾವುದೋ ಕಡತದಲ್ಲಿ ಇರಬೇಕು. ಆಕೆ ಅವುಗಳನ್ನು ನೋಡಿರಲಿಲ್ಲ. ನಾಲ್ಕು ವರ್ಷದಲ್ಲಿ ಎಷ್ಟೋ ಸಲ ಬಂದರಿಗೆ ಬಂದಿದ್ದಳು. ಧಕ್ಕೆಯ ಅಂಚಿನವರೆಗೆ ನಡೆದು ಕಂಬವನ್ನೂ ನೋಡಿರಲಿಲ್ಲ.

ಮೊದಲು ಹಲಗೆ ಇಳಿಸಿದಳು. ಯಾರೂ ಈ ಹೊತ್ತುಗಳನ್ನು ನಂಬಿ ಅಳಿವೆ ದಾಟಬಾರದು ಎಂದು ಬಂದರಿನ ಅಧಿಕಾರಿಯ ಕೈಯಿಂದ ಎಲ್ಲ ದೋಣಿಗಳಿಗೂ ವಯರ್‌ಲೆಸ್‌ನಲ್ಲಿ ಹೇಳಿಸಿದಳು. ಪ್ರೋಗ್ರಾಂ ತೆಗೆದುಕೊಂಡಿದ್ದ ಬೇರೆ ಬಂದರುಗಳಿಗೂ ಅದೇ ಮಾತು ತಿಳಿಸಿದಳು. ವರದಿಯ ಮೊದಲ ಪುಟ ಹರಿದಳು. ಒಂದು ಉದ್ದ ಬಿದಿರಿಗೆ ಗುರುತು ಹಾಕಿ ಮುರಿದ ಬುಡದ ಪಕ್ಕದಲ್ಲಿ ನಿಲ್ಲಿಸಿದಳು. ಹತ್ತು ದಿನ ತಾನೇ ಓದಿದಳು. ಪ್ರತಿ ಉಬ್ಬರವೂ ಲೆಕ್ಕಕ್ಕಿಂತ ಒಂದು ಗಂಟೆ ಹತ್ತು ನಿಮಿಷ ಮುಂಚೆ ಬರುತ್ತಿತ್ತು. ಮುದುಕನ ಅಂದಾಜು ಹತ್ತು ನಿಮಿಷ ಮಾತ್ರ ಹೆಚ್ಚುಕಡಿಮೆ.

ಪ್ರೋಗ್ರಾಂ ಒಳಗಿನ ತಪ್ಪು ಹುಡುಕಲು ಅರ್ಧ ದಿನವೂ ಬೇಕಾಗಲಿಲ್ಲ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ, ಮೇಲೆ ಕೆಲವು ಸೆಕೆಂಡು. ಅದನ್ನು ಗಂಟೆಯ ದಶಮಾಂಶದಲ್ಲಿ ಬರೆಯುವಾಗ ಮೂರನೆಯ ಸ್ಥಾನಕ್ಕೆ ನಿಲ್ಲಿಸಿ, ಕೊನೆಯ ಅಂಕಿಯನ್ನು ಮೇಲಕ್ಕೆ ಏರಿಸಿದ್ದಳು. ಆ ಸಾಲನ್ನು ಬರೆದವಳು ಅವಳೇ. ಒಂದು ಉಬ್ಬರಕ್ಕೆ ಒಂದೂವರೆ ಸೆಕೆಂಡು ಹೆಚ್ಚಾಯಿತು. ಆಕೆ ನಿಂತು ಓದಿದ ನಲವತ್ತು ದಿನದಲ್ಲಿ ಆ ತಪ್ಪು ಎರಡು ನಿಮಿಷವನ್ನೂ ಮುಟ್ಟಿರಲಿಲ್ಲ. ಕಣ್ಣಿಗೆ ಬೀಳುವಷ್ಟು ಬೆಳೆಯುವ ಹೊತ್ತಿಗೆ ನೋಡುವ ಕಂಬ ಇರಲಿಲ್ಲ.

ಹನ್ನೊಂದನೆಯ ದಿನ ಆಕೆ ಅಳತೆಗಾರನನ್ನು ಕರೆದುಕೊಂಡು ತಂಡೇಲನ ಮನೆಗೆ ಹೋದಳು. ತಂಡೇಲನ ಹೆಂಡತಿ ಜಗಲಿಯ ಮೇಲೆ ಕೂತಿದ್ದಳು. ಗಣಿತಜ್ಞೆ ಎಲ್ಲವನ್ನೂ ಹೇಳಿದಳು. ಕಂಬ ಮುರಿದದ್ದು, ನೋಡಿ ಬರೆದದ್ದು, ತಾನು ಬಂದು ನೋಡದೆ ಇದ್ದದ್ದು, ಒಂದೂವರೆ ಸೆಕೆಂಡು. ಅಳತೆಗಾರನ ತಪ್ಪನ್ನು ತನ್ನ ತಪ್ಪಿನ ಮುಂದೆ ಇಡಲಿಲ್ಲ. ಆ ಹೆಂಗಸು ಕೊನೆಯವರೆಗೆ ಕೇಳಿದಳು. ಲೆಕ್ಕ ಎಷ್ಟು ಅರ್ಥವಾಯಿತೋ ತಿಳಿಯದು.

“ನಿಮ್ಮ ಹತ್ತಿರ ಬಂದು ಹೋದ ದಿನದಿಂದ ಅವರು ಒಂದೇ ಹೇಳುತ್ತಿದ್ದರು, ನನ್ನ ಕಣ್ಣು ಹೋಯಿತು ಅಂತ” ಎಂದಳು ಕೊನೆಗೆ. “ಎರಡು ತಿಂಗಳು ಅದೇ ಕೊರಗು. ಕಣ್ಣು ಚೆನ್ನಾಗಿತ್ತಾ ಅಮ್ಮ?”

“ಚೆನ್ನಾಗಿತ್ತು” ಎಂದಳು ಗಣಿತಜ್ಞೆ.

ಆ ಹೆಂಗಸು ತಲೆಯಾಡಿಸಿದಳು. ತಮ್ಮನ ಕಡೆ ನೋಡಲಿಲ್ಲ. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಗಣಿತಜ್ಞೆ ತನ್ನ ಹೆಸರು ಹಾಕಿ ಇದೆಲ್ಲವನ್ನೂ ವರದಿಯಲ್ಲಿ ಬರೆದಳು. ಹಿಂದೆ ನಕ್ಷೆ ತೋರಿಸಿದ್ದ ಸಭೆಗಳಿಗೆಲ್ಲ ಅದನ್ನು ಕಳಿಸಿದಳು. ಅವಳನ್ನು ದೊಡ್ಡ ಹುದ್ದೆಯಿಂದ ಇಳಿಸಿದರು. ಆಕೆ ಎದುರು ಮಾತಾಡಲಿಲ್ಲ. ತಪ್ಪು ತಿದ್ದಿದ ಮೇಲೆ ಅಳಿವೆಯಲ್ಲಿ ಮೂರು ಕಡೆ ಕಂಬ ನೆಡಿಸಿದಳು. ಓದಲು ಮೂವರನ್ನು ಇಟ್ಟಳು. ಲೆಕ್ಕದ ಹಾಳೆ ಅವರ ಕಣ್ಣಿಗೆ ಬೀಳಬಾರದು ಎಂದು ಕರಾರು ಮಾಡಿದಳು. ಅಳತೆಗಾರ ಊರು ಬಿಟ್ಟು ಹೋದ. ಎಲ್ಲಿಗೆ ಹೋದ ಎಂದು ಗೊತ್ತಾಗಲಿಲ್ಲ.

ಗುರು ಕತೆ ನಿಲ್ಲಿಸಿದರು.

ತನ್ನ ಹಾಳೆಗಳ ಮೇಲೆ ಇಟ್ಟ ಕೈಯನ್ನು ಶಿಷ್ಯ ತೆಗೆದಿರಲಿಲ್ಲ.

“ಇದು ನನಗೆ ಅರ್ಥವಾಗುವುದಿಲ್ಲ ಗುರುಗಳೇ” ಎಂದ. “ಅಷ್ಟು ತಿಳಿದವಳು. ನಾಲ್ಕು ವರ್ಷ ಆ ಅಂಕಿಗಳು ಕಣ್ಣ ಮುಂದೆಯೇ ಇದ್ದವು. ಒಂದು ದಿನವೂ ಅನುಮಾನ ಬರಲಿಲ್ಲವೇ?”

ಗುರು ಕೇಳಿದರು: “ನಾಲ್ಕು ವರ್ಷ ಕಡಲು ನಿನ್ನ ಮಾತನ್ನು ಒಂದು ದಿನವೂ ಮೀರದೆ ನಡೆದುಕೊಂಡರೆ, ನೀನು ಹಿಗ್ಗುತ್ತೀಯೋ, ಹೆದರುತ್ತೀಯೋ?”